ಆಳದ ಅಂಗಮರ್ದನ: ಹೆಬ್ಬೆರಳಿನ ಕೆಳಗೆ ನಡೆಯುವುದೇನು?

ಪೆಟ್ಟು ಬಿದ್ದ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ. ಮೊಣಕೈ ಬಾಗಿಲಿಗೆ ತಗುಲಿದರೆ ನಾವು ಯಾರ ಸಲಹೆಯನ್ನೂ ಕೇಳದೆ ಅದನ್ನು ಉಜ್ಜಿಕೊಳ್ಳುತ್ತೇವೆ. ಬಹಳ ಹೊತ್ತು ಓದಿ ಕತ್ತು ಹಿಡಿದುಕೊಂಡರೆ ಬೆರಳುಗಳು ಹೆಗಲನ್ನು ಹಿಸುಕತೊಡಗುತ್ತವೆ. ಮನುಷ್ಯನು ಕಲಿಯದೆಯೇ ಬಲ್ಲ ಚಿಕಿತ್ಸೆಗಳಲ್ಲಿ ಇದೂ ಒಂದೆಂದು ಹೇಳಿದರೆ ತಪ್ಪಾಗಲಾರದು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಹಿರಿಯರು ಮಕ್ಕಳ ಬೆನ್ನಿಗೆ ಎಣ್ಣೆ ತಿಕ್ಕುವುದೂ, ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮುಗಿಸಿದ ಪೈಲ್ವಾನರು ಒಬ್ಬರಿಗೊಬ್ಬರು ತೋಳು ತೊಡೆಗಳನ್ನು ಮಾಲೀಸು ಮಾಡುವುದೂ ಈ ಸಹಜ ಪ್ರವೃತ್ತಿಯ ಬೆಳೆದ ರೂಪಗಳೇ.

ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ‘ಡೀಪ್ ಟಿಶ್ಯೂ ಮಸಾಜ್’ ಎಂಬ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿದೆ. ಇದನ್ನು ಕನ್ನಡದಲ್ಲಿ ‘ಆಳದ ಅಂಗಮರ್ದನ’ ಎನ್ನಬಹುದು. ಓಟಗಾರರು, ಕಬಡ್ಡಿಯ ಆಟಗಾರರು, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುವವರು ಇದರ ಮೊರೆಹೋಗುತ್ತಾರೆ. ಇದರ ಸುತ್ತ ಎರಡು ನಂಬಿಕೆಗಳೂ ಬೆಳೆದಿವೆ. ನೋವು ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬುದು ಒಂದು. ಬಲವಾಗಿ ಒತ್ತಿದರೆ ಸ್ನಾಯುವಿನೊಳಗಿನ ಗಂಟುಗಳು ಪುಡಿಯಾಗಿ, ಅಲ್ಲಿ ಸೇರಿದ್ದ ‘ವಿಷ’ ಹೊರಟುಹೋಗುತ್ತದೆ ಎಂಬುದು ಇನ್ನೊಂದು. ಇವು ಕೇವಲ ತಪ್ಪುತಿಳಿವಳಿಕೆಗಳಾಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಒತ್ತಬಾರದ ಕಡೆಯಲ್ಲಿ ಒತ್ತಿದುದರಿಂದ ಪ್ರಾಣಹಾನಿಯಾದುದೂ ಉಂಟು. ಆದುದರಿಂದ ಹೆಬ್ಬೆರಳಿನ ಕೆಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ವಿಚಾರಮಾಡುವುದು ಅಗತ್ಯ.

ಚರ್ಮದಿಂದ ಮೂಳೆಯವರೆಗೆ

ಮೊದಲು ನಮ್ಮ ಬೆನ್ನಿನ ಒಂದು ಭಾಗವನ್ನು ಪದರಪದರವಾಗಿ ಬಿಡಿಸಿ ನೋಡೋಣ. ಮೇಲೆ ಕೆಲವೇ ಮಿಲಿಮೀಟರು ದಪ್ಪದ ಚರ್ಮ. ಅದರ ಕೆಳಗೆ ಕೊಬ್ಬಿನ ಮೆತ್ತನೆಯ ಹಾಸು. ಅದನ್ನೂ ದಾಟಿದರೆ ಬೆಳ್ಳಗಿನ, ಗಟ್ಟಿಯಾದ ಒಂದು ನಾರಿನ ಹೊದಿಕೆ ಸಿಕ್ಕುತ್ತದೆ. ಇದಕ್ಕೆ ‘ಫ್ಯಾಸಿಯ’ ಎಂದು ಹೆಸರು. ಕಿತ್ತಳೆಯ ಹಣ್ಣನ್ನು ಸುಲಿದಾಗ ಒಂದೊಂದು ತೊಳೆಯನ್ನೂ ಸುತ್ತಿಕೊಂಡಿರುವ ತೆಳುವಾದ ಪೊರೆಯನ್ನು ನೀವು ನೋಡಿರುತ್ತೀರಿ. ತೊಳೆಯ ಒಳಗಿನ ರಸದ ಎಸಳುಗಳಿಗೂ ಅಂಥದೇ ಸೂಕ್ಷ್ಮವಾದ ಪೊರೆಯುಂಟು. ಸ್ನಾಯುಗಳ ರಚನೆಯೂ ಹೀಗೆಯೇ: ಇಡೀ ಸ್ನಾಯುವಿಗೆ ಒಂದು ಹೊದಿಕೆ, ಅದರೊಳಗಿನ ತಂತುಗಳ ಕಟ್ಟಿಗೆ ಇನ್ನೊಂದು, ಒಂದೊಂದು ತಂತುವಿಗೂ ಮತ್ತೊಂದು. ಈ ಪದರಗಳ ನಡುವೆ ರಕ್ತನಾಳಗಳೂ ನರಗಳೂ ಹಾದುಹೋಗುತ್ತವೆ.

ಬೆನ್ನಿನಲ್ಲಿ ಸ್ನಾಯುಗಳೂ ಒಂದರ ಮೇಲೊಂದು ಪದರವಾಗಿ ಜೋಡಣೆಗೊಂಡಿವೆ. ಹೆಗಲನ್ನು ಎತ್ತುವ ಅಗಲವಾದ ಸ್ನಾಯು ಮೇಲೆ. ಹೆಗಲಮೂಳೆಯನ್ನು ಬೆನ್ನೆಲುಬಿನತ್ತ ಸೆಳೆಯುವವು ಅದರ ಅಡಿಯಲ್ಲಿ. ಬೆನ್ನೆಲುಬಿನ ಇಕ್ಕೆಲಗಳಲ್ಲಿ ಹಗ್ಗದಂತೆ ಹಬ್ಬಿ ನಮ್ಮನ್ನು ನೆಟ್ಟಗೆ ನಿಲ್ಲಿಸುವವು ಇನ್ನೂ ಕೆಳಗೆ. ಸಾಮಾನ್ಯವಾದ ಮರ್ದನವು ಮೇಲಿನ ಪದರಗಳಲ್ಲಿಯೇ ಮುಗಿಯುತ್ತದೆ. ಒಳಗಿನ ಪದರಗಳನ್ನೂ ಅವುಗಳ ಹೊದಿಕೆಗಳನ್ನೂ ಮುಟ್ಟಬೇಕೆಂಬ ಉದ್ದೇಶದಿಂದ ಮಾಡುವುದು ಆಳದ ಮರ್ದನ.

ಇದಕ್ಕೆ ಒಬ್ಬನೇ ಜನಕನಿಲ್ಲ. ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಶಾಲೆಯನ್ನು ಸ್ಥಾಪಿಸಿದ ಪೆರ್ ಹೆನ್ರಿಕ್ ಲಿಂಗ್ ಎಂಬಾತನ ಹೆಸರನ್ನು ಜನ ಮರ್ದನದೊಡನೆ ಜೋಡಿಸುವುದುಂಟು. ಆದರೆ ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು ಎಂಬ ವಿಂಗಡಣೆಯನ್ನು ಫ್ರೆಂಚ್ ಹೆಸರುಗಳೊಡನೆ ಬಳಕೆಗೆ ತಂದ ಕೀರ್ತಿ ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರನಿಗೆ (೧೮೩೮–೧೯೦೯) ಸಲ್ಲುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ (೧೯೦೪–೧೯೮೫) ತಂತುಗಳಿಗೆ ಅಡ್ಡಲಾಗಿ ಬೆರಳಿನಿಂದ ಆಳವಾಗಿ ಉಜ್ಜುವ ಕ್ರಮವನ್ನು ವೈದ್ಯರಿಗೆ ಪರಿಚಯಮಾಡಿಕೊಟ್ಟನು. ಇಂದಿನ ಆಳದ ಮರ್ದನದಲ್ಲಿ ಇಂತಹ ಹಲವು ಕ್ರಮಗಳು ಬೆರೆತಿವೆ.

ಬಲ, ವಿಸ್ತೀರ್ಣ ಮತ್ತು ಕಾಲ

ಆಳವನ್ನು ಮುಟ್ಟುವುದು ಹೇಗೆ? ಇಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವೇ ನಮ್ಮ ನೆರವಿಗೆ ಬರುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧ. ಮರ್ದಕನು ತನ್ನ ಮೈಭಾರದಲ್ಲಿ ೧೦ ಕಿಲೋಗ್ರಾಂ ತೂಕದಷ್ಟನ್ನು ಅಂಗೈಯ ಮೂಲಕ ಊರಿದನೆಂದು ಊಹಿಸಿಕೊಳ್ಳಿ. ಅಂಗೈಯ ವಿಸ್ತೀರ್ಣ ಸುಮಾರು ೧೦೦ ಚದರ ಸೆಂಟಿಮೀಟರು. ಆದುದರಿಂದ ಒತ್ತಡವು ಚದರ ಸೆಂಟಿಮೀಟರಿಗೆ ೦.೧ ಕಿಲೋಗ್ರಾಂ. ಅದೇ ಭಾರವನ್ನು ಹೆಬ್ಬೆರಳಿನ ತುದಿಯ ೩ ಚದರ ಸೆಂಟಿಮೀಟರಿನ ಮೇಲೆ ಊರಿದರೆ ಒತ್ತಡವು ೩.೩ ಕಿಲೋಗ್ರಾಮಿಗೆ ಏರುತ್ತದೆ. ಇದು ವಾಯುಮಂಡಲದ ಒತ್ತಡದ ಮೂರರಷ್ಟಕ್ಕಿಂತ ಹೆಚ್ಚು. ಅಪಧಮನಿಯಲ್ಲಿನ ರಕ್ತದ ಒತ್ತಡದ ಸುಮಾರು ಇಪ್ಪತ್ತರಷ್ಟು. ಉಗುರನ್ನು ಒತ್ತಿದಾಗ ಅದು ಬೆಳ್ಳಗಾಗುವುದು ಇದೇ ಕಾರಣದಿಂದ: ಅಲ್ಲಿಯ ರಕ್ತವು ಆ ಕ್ಷಣದಲ್ಲಿ ಪಕ್ಕಕ್ಕೆ ನೂಕಲ್ಪಡುತ್ತದೆ.

ಆದರೆ ಈ ಒತ್ತಡವು ಹಾಗೆಯೇ ಕೆಳಗಿಳಿಯುವುದಿಲ್ಲ. ಮೆತ್ತನೆಯ ಪದಾರ್ಥದಲ್ಲಿ ಬಲವು ಆಳಕ್ಕೆ ಹೋದಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಮೇಲೆ ಒಂದು ಸೆಂಟಿಮೀಟರು ತ್ರಿಜ್ಯದ ವೃತ್ತದಲ್ಲಿದ್ದ ಬಲವು ಎರಡು ಸೆಂಟಿಮೀಟರು ಕೆಳಗೆ ಮೂರು ಸೆಂಟಿಮೀಟರು ತ್ರಿಜ್ಯದ ವೃತ್ತಕ್ಕೆ ಹರಡಿತೆಂದು ಸ್ಥೂಲವಾಗಿ ಲೆಕ್ಕಹಾಕಿದರೆ, ಅಲ್ಲಿ ಒತ್ತಡವು ಒಂಬತ್ತನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಬರಿದೆ ಬಲವನ್ನು ಹೆಚ್ಚಿಸುತ್ತ ಹೋದರೆ ಆಳಕ್ಕೆ ತಲಪುವುದಕ್ಕಿಂತ ಮೊದಲೇ ಮೇಲಿನ ಪದರಗಳು ಜಜ್ಜಿಹೋಗುವುವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಕಾಲದ ಪಾತ್ರವನ್ನು ಗಮನಿಸಬೇಕು. ಹೋಳಿಯ ಪಿಚಕಾರಿಯನ್ನು ನೆನೆಸಿಕೊಳ್ಳಿ. ಅದರ ದಂಡವನ್ನು ಮೆಲ್ಲನೆ ನೂಕಿದರೆ ಸುಲಭವಾಗಿ ಒಳಗೆ ಹೋಗುತ್ತದೆ. ರಭಸದಿಂದ ನೂಕಿದರೆ ಎದುರೊತ್ತುತ್ತದೆ. ಕಿರಿದಾದ ರಂಧ್ರದಿಂದ ನೀರು ಹೊರಬೀಳಲು ಸಮಯ ಬೇಕು. ನಮ್ಮ ಅಂಗಾಂಶಗಳೂ ನೀರಿನಿಂದ ತುಂಬಿದ ನಾರಿನ ಬಲೆಗಳಂತಿವೆ. ರಬ್ಬರಿನ ಸ್ಥಿತಿಸ್ಥಾಪಕತ್ವವೂ ಜೇನಿನ ಸ್ನಿಗ್ಧತೆಯೂ ಅವುಗಳಲ್ಲಿ ಒಟ್ಟಿಗೆ ಸೇರಿವೆ. ತಟಕ್ಕನೆ ಚುಚ್ಚಿದ ಬೆರಳನ್ನು ಅವು ತಡೆಯುತ್ತವೆ. ನಿಧಾನವಾಗಿ ಊರಿದ ಬೆರಳಿಗೆ ದಾರಿಕೊಡುತ್ತವೆ. ಅದಲ್ಲದೆ, ಹಠಾತ್ತಾದ ನೋವಿಗೆ ಸ್ನಾಯುವು ತಾನಾಗಿಯೇ ಬಿಗಿದುಕೊಂಡು ಗೋಡೆಯಂತಾಗುತ್ತದೆ. ತೊಡೆಯನ್ನು ಸಡಿಲವಾಗಿ ಬಿಟ್ಟು ಒಮ್ಮೆ, ಬಿಗಿಹಿಡಿದು ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಈ ವ್ಯತ್ಯಾಸವು ಯಾರಿಗಾದರೂ ತಿಳಿಯುತ್ತದೆ. ಆದುದರಿಂದ ಆಳಕ್ಕೆ ಹೋಗುವ ರಹಸ್ಯವು ಬಲಕ್ಕಿಂತ ಹೆಚ್ಚಾಗಿ ತಾಳ್ಮೆಯಲ್ಲಿದೆ.

ಎಣ್ಣೆಯ ವಿಷಯವೂ ಹೀಗೆಯೇ. ಎಣ್ಣೆಯು ಘರ್ಷಣೆಯನ್ನು ಕಡಮೆಮಾಡುತ್ತದೆ, ಕೈ ಜಾರುತ್ತದೆ. ಹಿತವಾಗಿ ನೀವುವುದಕ್ಕೆ ಅದು ಸರಿ. ಆದರೆ ಚರ್ಮದ ಕೆಳಗಿನ ಪದರಗಳನ್ನು ಪಕ್ಕಕ್ಕೆ ಎಳೆಯಬೇಕಾದರೆ ಕೈಗೂ ಚರ್ಮಕ್ಕೂ ಹಿಡಿತವಿರಬೇಕು. ಆದುದರಿಂದಲೇ ಆಳದ ಮರ್ದನದಲ್ಲಿ ಎಣ್ಣೆಯ ಬಳಕೆ ಸ್ವಲ್ಪ. ಕೇರಳದ ಕಳರಿಗಳಲ್ಲಿ ಗುರುವು ಮೇಲಿನಿಂದ ಕಟ್ಟಿದ ಹಗ್ಗವನ್ನು ಹಿಡಿದುಕೊಂಡು, ನೆಲದ ಮೇಲೆ ಮಲಗಿದ ಶಿಷ್ಯನ ಮೈಯನ್ನು ಪಾದದಿಂದ ಉಜ್ಜುವ ಪದ್ಧತಿಯುಂಟು. ಹಗ್ಗವನ್ನು ಬಿಗಿಯಾಗಿ ಹಿಡಿದಷ್ಟೂ ಮೈಭಾರದ ಹೆಚ್ಚು ಪಾಲು ಅದಕ್ಕೆ ಸಲ್ಲುತ್ತದೆ, ಪಾದದ ಮೇಲಿನ ಭಾರ ಇಳಿಯುತ್ತದೆ. ಒತ್ತಡವನ್ನು ಹದಗೊಳಿಸಲು ಇದಕ್ಕಿಂತ ಸರಳವಾದ ಯಂತ್ರವನ್ನು ಕಲ್ಪಿಸುವುದು ಕಷ್ಟ.

ಮರ್ದನದ ಮೇಜಿನ ಮೇಲೆ

ಈಗ ಮೊದಲ ಸಲ ಹೋಗುವವನು ಏನನ್ನು ನಿರೀಕ್ಷಿಸಬಹುದೆಂಬುದನ್ನು ನೋಡೋಣ. ಬಲ್ಲ ಮರ್ದಕನು ಕೈಯಿಡುವ ಮೊದಲು ಬಾಯಿಂದ ವಿಚಾರಿಸುತ್ತಾನೆ: ನೋವು ಎಲ್ಲಿ, ಎಂದಿನಿಂದ, ಹಿಂದೆ ಮೂಳೆ ಮುರಿದಿದೆಯೆ, ಶಸ್ತ್ರಚಿಕಿತ್ಸೆ ನಡೆದಿದೆಯೆ, ಯಾವ ಔಷಧಿ ಸೇವಿಸುತ್ತಿದ್ದೀರಿ. ಈ ಪ್ರಶ್ನೆಗಳನ್ನು ಕೇಳದೆಯೇ ಕೆಲಸಕ್ಕೆ ತೊಡಗುವವನಿಂದ ದೂರವಿರುವುದು ಲೇಸು. ಮರ್ದನವು ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ನಡೆಯುತ್ತದೆ. ಮೈಗೆ ಹೊದಿಕೆ ಹೊದಿಸಿ, ಆಯಾ ಹೊತ್ತಿಗೆ ಕೆಲಸಮಾಡುವ ಭಾಗವನ್ನು ಮಾತ್ರ ತೆರೆಯುವುದು ಕ್ರಮ.

ಮೊದಲ ಕೆಲವು ನಿಮಿಷ ಅಗಲವಾದ, ಹಗುರವಾದ ನೀವುವಿಕೆ. ಮೇಲಿನ ಪದರಗಳು ಬೆಚ್ಚಗಾಗಿ ಸಡಿಲವಾದ ಮೇಲೆ ಬೆರಳಿನ ಗೆಣ್ಣು, ಮುಂಗೈ, ಕೆಲವು ವೇಳೆ ಮೊಣಕೈ ಬಳಕೆಗೆ ಬರುತ್ತವೆ. ಸ್ನಾಯುವಿನ ತಂತುಗಳ ಉದ್ದಕ್ಕೆ ಕೈಯು ಬಸವನಹುಳುವಿನಂತೆ ನಿಧಾನವಾಗಿ ಸಾಗುತ್ತದೆ. ಬಿಗಿಯಾದ ಕಡೆಯಲ್ಲಿ ನಿಲ್ಲುತ್ತದೆ. ಮತ್ತೆ ಕೆಲವೆಡೆ ತಂತುಗಳಿಗೆ ಅಡ್ಡಲಾಗಿ ಉಜ್ಜುತ್ತದೆ. ಆಗ ‘ಹಿತವಾದ ನೋವು’ ಎನ್ನಬಹುದಾದ ಒಂದು ಅನುಭವ ಉಂಟಾಗುವುದು ಸಹಜ. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲಿನಲ್ಲಿ ಹೇಳಬೇಕೆಂದು ಮರ್ದಕನು ಕೇಳಬಹುದು. ಉಸಿರನ್ನು ಬಿಗಿಹಿಡಿಯುವಷ್ಟು, ಹಲ್ಲು ಕಚ್ಚುವಷ್ಟು ನೋವಾದರೆ ಅದು ಮಿತಿಮೀರಿತೆಂದೇ ತಿಳಿಯಬೇಕು. ಚುಳುಕು, ಜುಮ್ಮುಹಿಡಿಯುವುದು, ಮರಗಟ್ಟುವುದು ಕಂಡುಬಂದರೆ ಬೆರಳು ನರದ ಮೇಲಿದೆಯೆಂದು ಅರ್ಥ. ಕೂಡಲೆ ನಿಲ್ಲಿಸಲು ಹೇಳತಕ್ಕದ್ದು.

ಮುಗಿದೊಡನೆ ತಟ್ಟನೆ ಎದ್ದು ನಿಲ್ಲಬಾರದು. ಬಹಳ ಹೊತ್ತು ಮಲಗಿ ವಿಶ್ರಮಿಸಿದ ದೇಹದಲ್ಲಿ ರಕ್ತದ ಒತ್ತಡ ತುಸು ತಗ್ಗಿ ತಲೆಸುತ್ತು ಬರಬಹುದು. ಮರುದಿನ, ಅಬ್ಬಬ್ಬಾ ಎಂದರೆ ಅದರ ಮರುದಿನವೂ, ಮೈ ನೋಯುವುದುಂಟು. ಹೊಸದಾಗಿ ಬಸ್ಕಿ ಹೊಡೆದಾಗ ಆಗುವ ನೋವಿನಂತೆಯೇ ಇದು.

ಹಿಟ್ಟು ನಾದಿದಂತೆಯೇ?

ಬಿಗಿದ ಸ್ನಾಯುವು ಮರ್ದನದ ಅನಂತರ ಮೆತ್ತಗಾದಂತೆ ತೋರುತ್ತದೆ. ಚಪಾತಿಯ ಹಿಟ್ಟು ನಾದಿದಾಗ ಮೆತ್ತಗಾಗುವಂತೆ, ಬೆರಳುಗಳು ಒಳಗಿನ ನಾರುಗಳನ್ನು ಹಿಗ್ಗಿಸಿ ಅಂಟುಗಳನ್ನು ಬಿಡಿಸಿದುವೆಂದು ಭಾವಿಸುವುದು ಸುಲಭ. ಇದನ್ನು ಲೆಕ್ಕದಿಂದ ಪರೀಕ್ಷಿಸಿದವರಿದ್ದಾರೆ. ೨೦೦೮ರಲ್ಲಿ ಹನ್ಸ್ ಚೌಧರಿ ಮತ್ತು ಅವರ ಸಂಗಡಿಗರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಫ್ಯಾಸಿಯದ ಗಣಿತರೂಪವನ್ನು ಪ್ರಕಟಿಸಿದರು. ತೊಡೆಯ ಹೊರಮಗ್ಗುಲಿನ ಮತ್ತು ಅಂಗಾಲಿನ ದಪ್ಪ ಫ್ಯಾಸಿಯವನ್ನು ನೂರಕ್ಕೆ ಒಂದರಷ್ಟು ಅದುಮಲು ಎಷ್ಟು ಬಲ ಬೇಕು? ಎಂಟುನೂರು ಕಿಲೋಗ್ರಾಂ ತೂಕಕ್ಕಿಂತಲೂ ಹೆಚ್ಚು ಎಂಬುದು ಅವರ ಲೆಕ್ಕದ ಉತ್ತರ. ಮನುಷ್ಯನ ಹೆಬ್ಬೆರಳಿಗಾಗಲಿ ಮೊಣಕೈಗಾಗಲಿ ಅದು ಸಾಧ್ಯವಲ್ಲ. ಮೂಗಿನ ಮೇಲಿನ ಮೃದುವಾದ ಪೊರೆಯಂಥವು ಮಾತ್ರ ಕೈಯ ಬಲಕ್ಕೆ ಬಗ್ಗುವುವು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಓಡುವಾಗ, ನೆಗೆಯುವಾಗ ಅಂಗಾಲಿನ ಮೇಲೆ ಮೈಭಾರದ ಹಲವು ಪಟ್ಟು ಬಲ ಬೀಳುತ್ತದೆ. ಹೆಬ್ಬೆರಳಿಗೆ ಹಿಗ್ಗಿಹೋಗುವಂತಹ ನಾರುಗಳಾಗಿದ್ದರೆ ನಾವು ನಾಲ್ಕು ಹೆಜ್ಜೆ ಓಡುವುದರೊಳಗೆ ಪಾದಗಳು ಚಪ್ಪಟೆಯಾಗಬೇಕಾಗಿತ್ತು. ಇನ್ನು ಸ್ನಾಯುವಿನ ‘ಗಂಟು’ಗಳ ಮಾತು. ಬೆರಳಿಗೆ ಸಿಕ್ಕುವ ನೋವಿನ ಬಿಗಿತಾಣಗಳು ಇರುವುದು ನಿಜ. ಆದರೆ ಅವು ಏನು, ಏಕೆ ಉಂಟಾಗುತ್ತವೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಏಕಾಭಿಪ್ರಾಯವಿಲ್ಲ. ಹಗ್ಗದ ಗಂಟಿನಂತೆ ಬಿಚ್ಚಬೇಕಾದುದು ಅಲ್ಲಿ ಯಾವುದೂ ಇಲ್ಲವೆಂಬುದಂತೂ ಖಂಡಿತ.

ನರಗಳೊಡನೆ ಸಂಭಾಷಣೆ

ನಾರುಗಳು ಬದಲಾಗದಿದ್ದರೆ ಉಪಶಮನವು ಬರುವುದೆಲ್ಲಿಂದ? ಉತ್ತರವು ಬಹುಮಟ್ಟಿಗೆ ನರಮಂಡಲದಲ್ಲಿದೆ. ಚರ್ಮದಲ್ಲಿಯೂ ಫ್ಯಾಸಿಯದಲ್ಲಿಯೂ ಸ್ನಾಯುಗಳಲ್ಲಿಯೂ ಒತ್ತಡವನ್ನೂ ಎಳೆತವನ್ನೂ ಗುರುತಿಸುವ ಸೂಕ್ಷ್ಮವಾದ ಗ್ರಾಹಕಗಳು ಹೇರಳವಾಗಿವೆ. ಕೆಲವು ಕಂಪನಕ್ಕೆ ಎಚ್ಚರಗೊಳ್ಳುತ್ತವೆ. ಕೆಲವು ನಿಧಾನವಾದ, ಬಿಡದ ಎಳೆತಕ್ಕೆ. ಇವು ಕಳಿಸುವ ವಾರ್ತೆಗಳು ನರಗಳ ಮೂಲಕ ಬೆನ್ನುಹುರಿಯನ್ನೂ ಮಿದುಳನ್ನೂ ಸೇರುತ್ತವೆ.

೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ನೋವಿನ ‘ದ್ವಾರ ಸಿದ್ಧಾಂತ’ವನ್ನು ಮಂಡಿಸಿದರು. ನೋವಿನ ಸಂಕೇತಗಳು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು. ಸ್ಪರ್ಶದ ಮತ್ತು ಒತ್ತಡದ ಸಂಕೇತಗಳು ಬಂದಾಗ ಆ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ ಎಂಬುದು ಅದರ ಸಾರ. ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿ ಹೊಂದಿದರೂ, ನೋವು ಮಿದುಳಿಗೆ ಹೋಗುವ ದಾರಿಯಲ್ಲಿಯೇ ಹೆಚ್ಚುಕಡಮೆಯಾಗುತ್ತದೆಂಬ ಮೂಲಭಾವನೆ ಉಳಿದುಕೊಂಡಿದೆ. ತಗುಲಿದ ಮೊಣಕೈಯನ್ನು ಉಜ್ಜಿಕೊಂಡಾಗ ಹಾಯೆನಿಸುವುದು ಇದರಿಂದಲೇ ವಿಶದವಾಗುತ್ತದೆ.

ಇನ್ನೊಂದು ಪ್ರಯೋಗವೂ ಸ್ವಾರಸ್ಯಕರವಾಗಿದೆ. ಕಾಲಿನ ನರಕ್ಕೆ ಸಣ್ಣದೊಂದು ವಿದ್ಯುತ್ ಪ್ರಚೋದನೆ ಕೊಟ್ಟರೆ ಮೀನಖಂಡವು ಪ್ರತಿಕ್ರಿಯೆಯಾಗಿ ಅದುರುತ್ತದೆ. ಅದೇ ವೇಳೆ ಮೀನಖಂಡವನ್ನು ನಾದುತ್ತಿದ್ದರೆ ಆ ಅದುರುವಿಕೆ ತಗ್ಗುತ್ತದೆ. ಕೈ ತೆಗೆದರೆ ಬಹುಬೇಗ ಮೊದಲಿನಂತಾಗುತ್ತದೆ. ನಾರುಗಳ ಉದ್ದ ಬದಲಾದುದಲ್ಲ; ‘ಸಡಿಲವಾಗು’ ಎಂಬ ಅಪ್ಪಣೆ ಬೆನ್ನುಹುರಿಯಿಂದ ಬಂದಿತು. ಮರ್ದಕನ ಕೈ ಕುಂಬಾರನ ಕೈಯಂತೆ ಮಣ್ಣನ್ನು ತಿದ್ದುವುದಿಲ್ಲ. ಅದು ನರಮಂಡಲದೊಡನೆ ಮಾತನಾಡುತ್ತದೆ.

ಲ್ಯಾಕ್ಟಿಕ್ ಆಮ್ಲದ ಕಥೆ

‘ವಿಷ’ದ ನಂಬಿಕೆಯನ್ನೂ ಪರೀಕ್ಷಿಸೋಣ. ಕಠಿನವಾದ ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ನೋವು ಬರುತ್ತದೆ, ಮರ್ದನವು ಅದನ್ನು ಹಿಂಡಿ ತೆಗೆಯುತ್ತದೆ ಎಂದು ಅನೇಕ ಶಿಕ್ಷಕರೂ ಹೇಳುವುದುಂಟು. ಆದರೆ ದೇಹವು ಈ ಲ್ಯಾಕ್ಟೇಟನ್ನು ಒಂದೆರಡು ಗಂಟೆಗಳೊಳಗೆ ತಾನೇ ಬಳಸಿ ಮುಗಿಸುತ್ತದೆ. ಮೈನೋವು ಉಲ್ಬಣವಾಗುವುದಾದರೋ ಮರುದಿನ, ಮೂರನೆಯ ದಿನ. ಕಳ್ಳನು ಊರುಬಿಟ್ಟುಹೋದ ಮೇಲೆ ನಡೆದ ಕಳವಿಗೆ ಅವನನ್ನು ದೂರಿದಂತಾಯಿತು ಇದು.

೨೦೧೦ರಲ್ಲಿ ಕೆನಡದ ಕಿಂಗ್‌ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಮುಷ್ಟಿ ಬಿಗಿಯುವ ವ್ಯಾಯಾಮದ ಅನಂತರ ಮುಂಗೈಯನ್ನು ಮರ್ದನಮಾಡಿ ರಕ್ತಪ್ರವಾಹವನ್ನು ಅಳೆದರು. ಪ್ರತಿಯೊಂದು ಒತ್ತೂ ರಕ್ತವನ್ನು ತಡೆದು, ಲ್ಯಾಕ್ಟೇಟು ಹೊರಹೋಗುವುದನ್ನು ನಿಧಾನಗೊಳಿಸಿತು! ನಾವು ಮೇಲೆ ಮಾಡಿದ ಒತ್ತಡದ ಲೆಕ್ಕವನ್ನು ನೆನೆದರೆ ಇದು ಸಹಜವೇ ಆಗಿದೆ. ಹಾಗೆಂದು ಮರ್ದನದಿಂದ ಜೀವಕೋಶಗಳಲ್ಲಿ ಏನೂ ಆಗದೆಂದು ತಿಳಿಯಬಾರದು. ಕೆನಡದ ಮತ್ತೊಂದು ತಂಡ, ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ್ದು, ಹನ್ನೊಂದು ಮಂದಿ ಯುವಕರು ಸೈಕಲ್ ತುಳಿದು ದಣಿದ ಮೇಲೆ ಅವರ ಒಂದು ತೊಡೆಯನ್ನು ಮಾತ್ರ ಹತ್ತು ನಿಮಿಷ ಮರ್ದನಮಾಡಿಸಿ, ಎರಡು ತೊಡೆಗಳಿಂದಲೂ ಸ್ನಾಯುವಿನ ತುಣುಕುಗಳನ್ನು ತೆಗೆದು ಪರೀಕ್ಷಿಸಿತು. ೨೦೧೨ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮರ್ದನಗೊಂಡ ಸ್ನಾಯುವಿನಲ್ಲಿ ಉರಿಯೂತದ ಸಂಕೇತಗಳು ಕಡಮೆಯಾಗಿದ್ದವು. ಲ್ಯಾಕ್ಟೇಟಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ನೋವು ಗುಣದ ಅಳತೆಯೆ?

ಆಳವಾಗಿ ಒತ್ತಿದರೆ ಗುಣವೂ ಹೆಚ್ಚೇ ಎಂಬ ಪ್ರಶ್ನೆಗೆ ೨೦೧೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆ ಬೆಳಕು ಬೀರುತ್ತದೆ. ಬಹುಕಾಲದ ಸೊಂಟನೋವಿದ್ದ ೪೦೧ ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ನಿರ್ದಿಷ್ಟವಾದ ಸ್ನಾಯುಗಳನ್ನೂ ಅವುಗಳ ಹೊದಿಕೆಗಳನ್ನೂ ಗುರಿಯಾಗಿಟ್ಟುಕೊಂಡ ಮರ್ದನ. ಎರಡನೆಯದಕ್ಕೆ ಕೇವಲ ವಿಶ್ರಾಂತಿಯ ಮರ್ದನ. ಮೂರನೆಯದಕ್ಕೆ ರೂಢಿಯ ಚಿಕಿತ್ಸೆ. ಹತ್ತು ವಾರಗಳ ಕೊನೆಯಲ್ಲಿ ಮರ್ದನದ ಗುಂಪುಗಳೆರಡೂ ಮೂರನೆಯದಕ್ಕಿಂತ ಚೆನ್ನಾಗಿದ್ದವು. ಆದರೆ ಅವುಗಳೆರಡರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ೨೦೧೫ರಲ್ಲಿ ಕೋಕ್ರೇನ್ ಸಂಸ್ಥೆಯು ಇಂತಹ ೨೫ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೊಂಟನೋವಿಗೆ ಮರ್ದನದಿಂದ ಅಲ್ಪಕಾಲದ ಉಪಶಮನ ಕಂಡುಬಂದರೂ ಸಾಕ್ಷ್ಯವು ಬಲವಾದುದಲ್ಲವೆಂದು ಹೇಳಿತು.

ಇದರಿಂದ ಆಳದ ಮರ್ದನವು ವ್ಯರ್ಥವೆಂದು ತಿಳಿಯಬಾರದು. ಅದರ ಸುಖವೂ ಉಪಶಮನವೂ ನಿಜ. ಆದರೆ ಅವು ನೋವಿನ ಪ್ರಮಾಣದಲ್ಲಿ ಏರುವುದಿಲ್ಲ. ಹಲ್ಲು ಕಚ್ಚಿ ಸಹಿಸಿದ ನೋವಿಗೆ ಬಹುಮಾನವಿಲ್ಲ.

ಕೈಯಿಡಬಾರದ ಕಡೆ

ಕೊನೆಯದಾಗಿ ಅತ್ಯಂತ ಮುಖ್ಯವಾದ ಮಾತು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು, ಅಥವಾ ಶಸ್ತ್ರಚಿಕಿತ್ಸೆಯಾಗಿ ಹಲವು ದಿನ ಅಲುಗಾಡದೆ ಇದ್ದವರ ಮೀನಖಂಡದ ಆಳದ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಆಗ ಒಂದು ಕಾಲು ಮಾತ್ರ ಊದಿಕೊಂಡು, ಬೆಚ್ಚಗಾಗಿ, ನೋಯುತ್ತದೆ. ನೋಡುವವರಿಗೆ ಇದು ಸ್ನಾಯು ಹಿಡಿದುಕೊಂಡಂತೆಯೇ ಕಾಣುತ್ತದೆ. ೨೦೧೬ರಲ್ಲಿ ದೆಹಲಿಯಲ್ಲಿ ಆಟದಲ್ಲಿ ಪೆಟ್ಟಾಗಿ ಪ್ಲಾಸ್ಟರು ಹಾಕಿಸಿಕೊಂಡಿದ್ದ ಯುವಕನೊಬ್ಬನ ಕಾಲನ್ನು, ಅದನ್ನು ತೆಗೆದ ಮೇಲೂ ನೋವು ಉಳಿದುದರಿಂದ, ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಲಾಯಿತು. ಹೆಪ್ಪು ಕಳಚಿ ರಕ್ತದೊಡನೆ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚಿತು, ಯುವಕನು ಉಳಿಯಲಿಲ್ಲ. ತಿಕ್ಕಿದ ಕೈಗಳಲ್ಲಿದ್ದುದು ಅಕ್ಕರೆ ಮಾತ್ರ. ಇಲ್ಲದಿದ್ದುದು ಒಂದು ತುಣುಕು ತಿಳಿವಳಿಕೆ. ಈ ಪ್ರಸಂಗವನ್ನು ವೈದ್ಯರು ಮುಂದೆ ಪತ್ರಿಕೆಯೊಂದರಲ್ಲಿ ಪ್ರಕಟಿಸಿದುದು ಇತರರಿಗೆ ಎಚ್ಚರಿಕೆಯಾಗಲಿ ಎಂದೇ.

ಒಂದೇ ಕಾಲು ಊದಿಕೊಂಡಿದ್ದರೆ ಮೊದಲು ವೈದ್ಯನಿಗೆ ತೋರಿಸಬೇಕು. ಅಲ್ಲಿಯವರೆಗೆ ಅದನ್ನು ಒತ್ತಕೂಡದು. ಜ್ವರವಿರುವಾಗ, ಗಾಯ ಅಥವಾ ಚರ್ಮರೋಗವಿರುವ ಕಡೆ, ಮುರಿದ ಮೂಳೆಯ ಬಳಿ, ಮೂಳೆಗಳು ಸವೆದು ಟೊಳ್ಳಾದ ವೃದ್ಧರಲ್ಲಿ, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರಲ್ಲಿ ಆಳದ ಮರ್ದನ ಸಲ್ಲದು. ಗರ್ಭಿಣಿಯರು, ಕ್ಯಾನ್ಸರಿನ ರೋಗಿಗಳು ವೈದ್ಯರ ಅನುಮತಿಯಿಲ್ಲದೆ ಇದಕ್ಕೆ ಒಪ್ಪಬಾರದು. ಆರೋಗ್ಯವಂತರಲ್ಲಿಯೂ ಕತ್ತಿನ ಮುಂಭಾಗ, ಕಂಕುಳು, ತೊಡೆಸಂದು, ಮೊಣಕಾಲ ಹಿಂದಿನ ಕುಳಿ ಇವು ದೊಡ್ಡ ರಕ್ತನಾಳಗಳೂ ನರಗಳೂ ಚರ್ಮಕ್ಕೆ ಸಮೀಪದಲ್ಲಿ ಹಾದುಹೋಗುವ ತಾಣಗಳು. ಅಲ್ಲಿ ಬಲಪ್ರಯೋಗ ಕೂಡದು. ವಿಪರೀತವಾದ ಮರ್ದನದಿಂದ ಸ್ನಾಯುತಂತುಗಳೇ ಒಡೆದು, ಮೂತ್ರವು ಕಂದುಬಣ್ಣಕ್ಕೆ ತಿರುಗಿ, ಮೂತ್ರಪಿಂಡಗಳಿಗೆ ಧಕ್ಕೆ ತಗುಲಿದ ಪ್ರಸಂಗಗಳೂ ಅಪರೂಪಕ್ಕೆ ವರದಿಯಾಗಿವೆ.

ಮುಂದೊಂದು ದಿನ ನಿಮ್ಮ ಗೆಳೆಯನು ಆಟದ ಬಯಲಿನಲ್ಲಿ ಕಾಲು ಹಿಡಿದುಕೊಂಡು ಕುಳಿತಾಗ ನಿಮ್ಮ ಕೈ ತಾನಾಗಿಯೇ ಮುಂದೆ ಚಾಚೀತು. ಚಾಚಲಿ. ಆದರೆ ಒತ್ತುವ ಮೊದಲು ಎರಡೂ ಕಾಲುಗಳನ್ನು ಹೋಲಿಸಿ ನೋಡಿ, ಏನಾಯಿತೆಂದು ಕೇಳಿ, ಒತ್ತಿದರೆ ಮೆಲ್ಲನೆ ಒತ್ತಿ, ಅವನ ಮುಖವನ್ನು ನೋಡುತ್ತ ಒತ್ತಿ. ಅಂಗಮರ್ದನದ ವಿಜ್ಞಾನವು ಇಂದಿನವರೆಗೆ ಕಲಿತುಕೊಂಡಿರುವುದರ ಸಾರವೂ ಇಷ್ಟೆ.